ಚೆನ್ನೆಮಣೆಯ ಲೆಕ್ಕಾಚಾರ

ಆಟಿ ತಿಂಗಳ ಮಳೆ ಜನರನ್ನು ಮನೆಯೊಳಗೇ ಕೂಡಿಹಾಕಿದಾಗ ಉಡುಪಿ, ಕಾಪು, ಕಾರ್ಕಳದ ಜಗಲಿಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಚೆನ್ನೆಮಣೆಯೆಂಬ ಗುಳಿ-ಕಾಳುಗಳ ಆಟ ಇಂದು ಅಳಿಗುಳಿಮಣೆಯೆಂಬ ಹೆಸರಿನಿಂದ ಮೊಬೈಲಿನ ಪರದೆಯ ಮೇಲೂ ದೊರೆಯುತ್ತದೆ. ಯಾವ ಗುಳಿಯಿಂದ ಕಾಳೆತ್ತಿದರೆ ಲಾಭವೆಂಬುದನ್ನು ಅಜ್ಜಿಯರು ಕಣ್ಣಳತೆಯಿಂದಲೇ ನಿಶ್ಚಯಿಸುತ್ತಿದ್ದರೆ, ಮಣಿಪಾಲದ ವಿದ್ಯಾರ್ಥಿಯೊಬ್ಬನು ಮನಸ್ಸು ಮಾಡಿದಲ್ಲಿ ಅದನ್ನೇ ಗಣಕದಿಂದ ಲೆಕ್ಕ ಹಾಕಿಸಬಲ್ಲನು.

ಎರಡು ಸಾಲುಗಳಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಒಂದು ಗುಳಿಯ ಕಾಳುಗಳನ್ನು ಬಲಕ್ಕೆ ಒಂದೊಂದಾಗಿ ಹಾಕುತ್ತ ಹೋಗಿ, ಕೈ ಬರಿದಾದಾಗ ಮುಂದಿನ ಗುಳಿಯನ್ನೆತ್ತಿ ಮುಂದುವರಿದು, ಆ ಮುಂದಿನ ಗುಳಿಯೇ ಬರಿದಾಗಿದ್ದಲ್ಲಿ ಅದರಾಚೆಯದನ್ನು ಗೆದ್ದು ಸರದಿ ಬಿಡುವ ಸರಳ ನಿಯಮದಂತೆ ಆಡಿ ನೋಡಿದರೆ, ಮೊದಲ ಆಟಗಾರನು ಎಲ್ಲಿಂದ ತೊಡಗಿದರೂ ಅವನಿಗೆ ದಕ್ಕುವುದು ಆರೇ ಕಾಳು. ಹಾಗಿದ್ದರೂ ಆಯ್ಕೆ ನಿರರ್ಥಕವಲ್ಲ. ತನ್ನ ಸಾಲಿನ ಎಡತುದಿಯಿಂದ ತೊಡಗಿದವನ ಸಾಲಿನಲ್ಲಿ 31, ಎದುರಾಳಿಯ ಸಾಲಿನಲ್ಲಿ 19 ಕಾಳು ಉಳಿಯುತ್ತವೆ. ಬಲತುದಿಯಿಂದ ತೊಡಗಿದರೆ ತನಗೆ 21, ಎದುರಾಳಿಗೆ 29. ಕಾಳು ಹೆಚ್ಚಿದ್ದ ಮಾತ್ರಕ್ಕೆ ಜಯ ಸಿದ್ಧಿಸಿತೆನ್ನಲಾಗದು. ಆದುದರಿಂದಲೇ ಇಂತಹ ಆರಂಭಗಳಿಂದ ಸಹಸ್ರಾರು ಆಟಗಳನ್ನು ಯಂತ್ರದಿಂದ ಆಡಿಸಿ, ಫಲಿತಾಂಶಗಳನ್ನು ಪಟ್ಟಿಮಾಡಿ ನೋಡಬೇಕಾಗುತ್ತದೆ. ದತ್ತಾಂಶ ವಿಶ್ಲೇಷಣೆಯೆಂಬ ಗಂಭೀರ ನಾಮಧೇಯದ ಹಿಂದಿರುವುದು ಈ ತಾಳ್ಮೆಯ ಕೆಲಸವೇ.

ಚದುರಂಗದಲ್ಲಿ ಇದು ನಿತ್ಯದ ಮಾತು: ಲಿಚೆಸ್ ತಾಣದಲ್ಲಿ ಕೋಟಿಗಟ್ಟಲೆ ಪಂದ್ಯಗಳು ಉಚಿತವಾಗಿ ಲಭ್ಯವಿವೆ, ಆಟ ಮುಗಿದೊಡನೆ ಸ್ಟಾಕ್‌ಫಿಶ್ ಎಂಬ ಚದುರಂಗದ ತಂತ್ರಾಂಶ ತಪ್ಪು ನಡೆಗಳನ್ನು ಎತ್ತಿ ತೋರಿಸುತ್ತದೆ. (ಆಟ ನಡೆಯುತ್ತಿರುವಾಗಲೇ ಅದನ್ನು ಕೇಳುವುದು ಶುದ್ಧ ಮೋಸ.) ಚೆನ್ನೆಮಣೆಯ ಸೋದರಸಂಬಂಧಿಯೆನ್ನಬಹುದಾದ, 12 ಗುಳಿ 48 ಕಾಳುಗಳ ಆಫ್ರಿಕದ ಅವಾರಿಯನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೋಮೈನ್ ಮತ್ತು ಹೆನ್ರಿ ಬಾಲ್ ಎಂಬವರು ಸುಮಾರು 88,906 ಕೋಟಿ ಸ್ಥಿತಿಗಳನ್ನು ಪರೀಕ್ಷಿಸಿ ಸಂಪೂರ್ಣವಾಗಿ ಬಿಡಿಸಿದರು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮಸಮವೆಂದು ತೀರ್ಮಾನವಾಯಿತು. ನಮ್ಮ ಮಣೆಯ ಮೇಲೆ 56 ಕಾಳುಗಳನ್ನೂ ಹಂಚಬಹುದಾದ ಬಗೆಗಳೇ 38 ಲಕ್ಷ ಕೋಟಿಗೆ ಮಿಗಿಲಾದುದರಿಂದ ಇಲ್ಲಿಯ ಶ್ರಮ ಇನ್ನೂ ಹಿರಿದು.

ತುಳು ಜನಪದ ಕಥನಗೀತೆಯಾದ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು ಪ್ರಾಣವನ್ನೇ ಕಳೆದುಕೊಂಡುದನ್ನು ನೆನೆದು, ಅಕ್ಕತಂಗಿಯರು ಎದುರುಬದುರು ಕುಳಿತು ಇದನ್ನು ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲುಂಟು. ಒಂದೊಂದು ಕಾಳಿಗೂ ಅಷ್ಟು ಬೆಲೆಯಿದ್ದ ಆಟಕ್ಕೆ ಏಕರೂಪದ ನಿಯಮ ಮಾತ್ರ ಇಲ್ಲ. ಆಟದ ನಡುವೆ ಗುಳಿಯೊಂದರಲ್ಲಿ ನಾಲ್ಕು ಕಾಳು ಕೂಡಿದೊಡನೆ ಗುಳಿಯ ಒಡೆಯನು ಅವನ್ನು ಎತ್ತಿಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಮೇಲಿನ ಮೊದಲ ಸರದಿಯಲ್ಲಿ ಹಾಗೆ ಕೂಡುವ ಪ್ರಸಂಗವೇ ಬಾರದಿದ್ದರೂ, ಮುಂದೆ ಅದು ಇಡೀ ಪಟ್ಟಿಯನ್ನೇ ತಲೆಕೆಳಗು ಮಾಡಬಲ್ಲುದು. ಗಣಕಕ್ಕೆ ಕೆಲಸ ಒಪ್ಪಿಸಹೊರಟವನು ಮೊದಲು ಹಿರಿಯರ ಮುಂದೆ ಕುಳಿತು, ನಿಮ್ಮ ಮನೆಯಲ್ಲಿ ನಾಲ್ಕು ಕೂಡಿದರೆ ಏನು ಮಾಡುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು.