ಇಲ್ಲದ ಡಿಸ್ಕಿಗೆ ಹಳೆಯ ವೈದ್ಯ

ತೊಂಬತ್ತರ ದಶಕದಲ್ಲಿ ಮನೆಗೆ ಗಣಕಯಂತ್ರ ತಂದವರಿಗೆ ಆ ನೀಲಿ ಪರದೆ ನೆನಪಿರಲೇಬೇಕು. ಕೆಲಸದ ನಡುವೆ ಕರೆಂಟು ಹೋಗಿ ಮತ್ತೆ ಬಂದಾಗ ಯಂತ್ರ ನೆಟ್ಟಗೆ ಏಳುತ್ತಿರಲಿಲ್ಲ. ಮೊದಲು ‘ಸ್ಕ್ಯಾನ್‌ಡಿಸ್ಕ್’ ಎದ್ದು, ಯಂತ್ರವನ್ನು ಕ್ರಮವಾಗಿ ಮುಚ್ಚಲಿಲ್ಲವೆಂದು ಗದರಿ, ಡಿಸ್ಕಿನ ತಪಾಸಣೆಗೆ ತೊಡಗುತ್ತಿತ್ತು. ಕೈಕೊಟ್ಟದ್ದು ಕರೆಂಟು, ಬೈಸಿಕೊಳ್ಳುವವರು ನಾವು!

ಈ ಸ್ಕ್ಯಾನ್‌ಡಿಸ್ಕ್ ಹುಟ್ಟಿದ್ದರ ಹಿಂದೆ ಒಂದು ಕಥೆಯಿದೆ. 1993ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್-ಡಾಸ್ 6ರ ಜೊತೆ ‘ಡಬಲ್‌ಸ್ಪೇಸ್’ ಎಂಬ ಸೌಲಭ್ಯ ಕೊಟ್ಟಿತು. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲ ಅದು. ಡಬಲ್‌ಸ್ಪೇಸ್ ಕಡತಗಳನ್ನೆಲ್ಲ ಹಿಂಡಿ ಒಂದೇ ದೊಡ್ಡ ಕಡತದೊಳಗೆ ತುಂಬುತ್ತಿತ್ತು. ಮನೆಯ ಸಾಮಾನೆಲ್ಲ ಒಂದೇ ಮೂಟೆಯಲ್ಲಿದ್ದರೆ ಮೂಟೆ ಹರಿದಾಗ ಏನಾಗುತ್ತದೆ? ಆದದ್ದೂ ಅದೇ. ಮಾಹಿತಿ ಕಳೆದುಕೊಂಡವರ ದೂರುಗಳು ಬಂದವು. ಅದೇ ವರ್ಷ ಹೊರಬಂದ 6.2ರ ಜೊತೆಗೆ ಸ್ಕ್ಯಾನ್‌ಡಿಸ್ಕ್ ಬಂತು. ಅದು ಮೂಟೆಯೊಳಗೂ ಇಣುಕಿ ರಿಪೇರಿ ಮಾಡಬಲ್ಲದಾಗಿತ್ತು. ಮುಂದೆ ಡಬಲ್‌ಸ್ಪೇಸ್ ತನ್ನ ಪೇಟೆಂಟನ್ನು ಉಲ್ಲಂಘಿಸಿದೆ ಎಂದು ಸ್ಟಾಕ್ ಕಂಪನಿ ಹೂಡಿದ್ದ ದಾವೆಯಲ್ಲಿ, 1994ರಲ್ಲಿ ಅಮೆರಿಕದ ಜ್ಯೂರಿ 12 ಕೋಟಿ ಡಾಲರ್ ಪರಿಹಾರ ವಿಧಿಸಿತು.

ಇಂಥ ಮೂಟೆ ಕಟ್ಟಿದ ಡಿಸ್ಕೊಂದು ಈಗ ಅಟ್ಟದಿಂದ ಇಳಿದರೆ ಇಂದಿನ ವಿಂಡೋಸ್ ಅದನ್ನು ಬಿಚ್ಚಲಾರದು. ಬಿಚ್ಚಬಲ್ಲ ಹಳೆಯ ತಂತ್ರಾಂಶವೋ 16 ಬಿಟ್‌ನದು. 64 ಬಿಟ್‌ನ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಎಮ್ಯುಲೇಟರ್: ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶ.

ಎಲ್ಲ ವೇಷಗಳೂ ಒಂದೇ ಅಲ್ಲ. ಮುಖ್ಯವಾಗಿ ಹಳೆಯ ಆಟಗಳಿಗೆಂದು 2002ರಲ್ಲಿ ಹೊರಬಂದ ‘ಡಾಸ್‌ಬಾಕ್ಸ್’ ನಿಮ್ಮ ಒಂದು ಫೋಲ್ಡರನ್ನೇ ಸಿ ಡ್ರೈವ್ ಎಂದು ತೋರಿಸಬಲ್ಲದು. ಆಟಕ್ಕೆ ಅಷ್ಟು ಸಾಕು, ಸ್ಕ್ಯಾನ್‌ಡಿಸ್ಕಿಗೆ ಸಾಲದು. ಯಾಕೆಂದರೆ ಅದು ಹುಡುಕುವುದು ‘ಫ್ಯಾಟ್’ ಎಂಬ ಖಾತೆ ಪುಸ್ತಕವನ್ನು. ಕಡತದ ಮೊದಲ ತುಂಡು ಎಲ್ಲಿದೆ ಎಂದು ಹೆಸರಿನ ಪಟ್ಟಿ ಹೇಳುತ್ತದೆ; ಅದರ ಮುಂದಿನ ತುಂಡು ಎಲ್ಲಿ, ಅದರ ಮುಂದಿನದೆಲ್ಲಿ ಎಂದು ಫ್ಯಾಟ್ ಹೇಳುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕೆಲವು ತುಂಡುಗಳಿಗೆ ವಾರಸುದಾರರೇ ಇರುವುದಿಲ್ಲ. ಸ್ಕ್ಯಾನ್‌ಡಿಸ್ಕ್ ಅವನ್ನು ಹೆಕ್ಕಿ, ನೀವು ಬೇಕೆಂದರೆ, FILE0000.CHK ಎಂಬಂಥ ಹೆಸರಿಟ್ಟು ಉಳಿಸುತ್ತದೆ. ಫೋಲ್ಡರಿಗೆ ಇಂಥ ಖಾತೆಯೇ ಇಲ್ಲ. ಆದ್ದರಿಂದ ಡಿಸ್ಕಿನ ಪೂರ್ತಿ ಅಚ್ಚನ್ನು, ಅಂದರೆ ಇಮೇಜನ್ನು, ತೆಗೆದು ‘ಕ್ಯೂಎಮು’ವಿನಂಥ ಇಡೀ ಯಂತ್ರವನ್ನೇ ನಟಿಸುವ ಎಮ್ಯುಲೇಟರಿಗೆ ಕೊಡಬೇಕು. 1.44 ಎಂಬಿ ಫ್ಲಾಪಿಯಾದರೆ 512 ಬೈಟುಗಳ 2,880 ಸೆಕ್ಟರುಗಳು, ಖಾಲಿಯಿದ್ದವೂ ಸೇರಿ, ಒಂದೇ ಕಡತವಾಗುತ್ತವೆ.

ಇಲ್ಲೊಂದು ತಮಾಷೆಯಿದೆ. ಖಾತೆ ನೋಡಿ ಮುಗಿದ ಮೇಲೆ ಸ್ಕ್ಯಾನ್‌ಡಿಸ್ಕ್ ‘ಮೇಲ್ಮೈ ಪರೀಕ್ಷೆ ಮಾಡಲೇ?’ ಎನ್ನುತ್ತದೆ. ಹೂಂ ಎಂದರೆ ಚೌಕಗಳನ್ನು ಒಂದೊಂದಾಗಿ ತುಂಬುತ್ತಾ ಹೋಗಿ, ಎಲ್ಲ ಸರಿಯಿದೆ ಎಂದು ವರದಿ ಕೊಡುತ್ತದೆ. ಕೊಡದೆ ಏನು? ಅದು ಮುಟ್ಟಿ ನೋಡಿದ್ದು ನಿಮ್ಮ ಹೊಸ ಯಂತ್ರದಲ್ಲಿರುವ ಕಡತವನ್ನು. ಬೂಸಲು ಹಿಡಿದ ಅಸಲು ಫ್ಲಾಪಿ ಮೇಜಿನ ಮೇಲೆಯೇ ಇದೆ! ಕಾಂತೀಯ ಲೇಪನದ ದೋಷ ಗೊತ್ತಾಗುವುದು ಅಚ್ಚು ತೆಗೆಯುವಾಗ ಮಾತ್ರ. ಆ ಕೆಲಸಕ್ಕೆ ‘ಡಿಡಿರೆಸ್ಕ್ಯೂ’ ಒಳ್ಳೆಯದು. ಓದಲಾಗದ ಸೆಕ್ಟರನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಮತ್ತೆ ಯತ್ನಿಸುತ್ತದೆ.

ಅಚ್ಚಿನ ಇನ್ನೊಂದು ಪ್ರತಿ ಇಟ್ಟುಕೊಳ್ಳದೆ ರಿಪೇರಿಗೆ ಕೈಹಾಕಲೇಬಾರದು. ಹಳೆಯ ವೈದ್ಯರಿಗೆ ಹೊಸ ಶರೀರ ಗೊತ್ತಿಲ್ಲ. ವಿಂಡೋಸ್ 95 ಬಂದ ಮೇಲೆ ಕಡತಗಳಿಗೆ ಉದ್ದ ಹೆಸರು ಇಡುವುದು ಸಾಧ್ಯವಾಯಿತು. ಅದಕ್ಕೂ ಹಿಂದಿನ ತಪಾಸಣಾ ತಂತ್ರಾಂಶಗಳು ಆ ಹೆಸರುಗಳನ್ನೇ ದೋಷವೆಂದು ಬಗೆದು ಅಳಿಸಿಬಿಡಬಲ್ಲವು.

ಇಷ್ಟೆಲ್ಲ ಮಾಡಿ ಕಡತ ಸಿಕ್ಕಿತು ಎನ್ನೋಣ. ಅದರಲ್ಲಿ ನಿಮ್ಮ ತಂದೆ ಬರೆದಿಟ್ಟ ಕನ್ನಡ ಲೇಖನವಿದ್ದರೆ, ತೆರೆದಾಗ ಕಾಣುವುದು ಬಹುಶಃ ಅರ್ಥವಾಗದ ಚಿಹ್ನೆಗಳ ರಾಶಿ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ತಂತ್ರಾಂಶಗಳು ತಮ್ಮ ತಮ್ಮದೇ ಸಂಕೇತಗಳಲ್ಲಿ ಅಕ್ಷರ ಕೂಡಿಡುತ್ತಿದ್ದವು. ಗಾಬರಿ ಬೇಡ, ಕಡತ ಕೆಟ್ಟಿರಲಿಕ್ಕಿಲ್ಲ. ಆ ಕಾಲದ ಕನ್ನಡ ತಂತ್ರಾಂಶದ ಫ್ಲಾಪಿಯೂ ಅದೇ ಪೆಟ್ಟಿಗೆಯಲ್ಲಿ ಇದೆಯೇ, ಹುಡುಕಿ ನೋಡಿ.