ಹತ್ತು ಊರಿನ ಹತ್ತು ಜನವೋ, ಒಂದೇ ಕೇರಿಯ ಹತ್ತು ಜನವೋ?

ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಹರಡಿಸಿ ಕೊನೆಗೊಂದನ್ನು ಆರಿಸಿದ ಮೇಲೂ ನಮ್ಮ ಅಮ್ಮಂದಿರು ಕೂಡಲೇ ದುಡ್ಡು ಕೊಡುವುದಿಲ್ಲ. ಸೀರೆ ಹಿಡಿದು ಬಾಗಿಲಿಗೆ ಬರುತ್ತಾರೆ. ಬಿಸಿಲಿಗೊಡ್ಡಿ ಬಣ್ಣ ನೋಡುತ್ತಾರೆ, ಸೆರಗಿನ ಹಿಂಬದಿ ತಿರುವುತ್ತಾರೆ, ಬೆರಳುಗಳ ನಡುವೆ ಹೊಸಕುತ್ತಾರೆ, ಜೊತೆಗೆ ಬಂದವಳನ್ನು ‘ಹೆಂಗದ?’ ಎಂದು ಕೇಳುತ್ತಾರೆ. ಒಂದೇ ನಿಮಿಷದಲ್ಲಿ ನಾಲ್ಕು ಪರೀಕ್ಷೆ ಮುಗಿದಿರುತ್ತದೆ. ಹೊಸ ಆನ್‌ಲೈನ್ ಬಟ್ಟೆ ಅಂಗಡಿಗೆ ಬರುವ ಮೊದಲ ಗಿರಾಕಿಗೆ ಈ ನಾಲ್ಕರಲ್ಲಿ ಒಂದೂ ಸಿಗುವುದಿಲ್ಲ.

ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ತಮ್ಮ ಮಗ್ಗದ ಸೀರೆ ಮಾರಲು ಇಂಥದೊಂದು ಅಂಗಡಿ ತೆರೆದಳು ಎಂದುಕೊಳ್ಳೋಣ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಎರಡರ ಹಾಸುನೂಲುಗಳನ್ನು ಕುಣಿಕೆ ಹಾಕಿ ಬೆಸೆಯುವ ಕಸುಬು ಅವಳ ಮನೆಯದು. ಸರಕು ಒಳ್ಳೆಯದು, ಬೆಲೆ ನ್ಯಾಯದ್ದು, ಫೋಟೋಗಳೂ ಚೆನ್ನಾಗಿವೆ. ಆದರೂ ಮೊದಲ ತಿಂಗಳು ಒಂದು ಆರ್ಡರೂ ಬರಲಿಲ್ಲ. ಇದನ್ನು ಹಣೆಬರಹ ಎಂದು ಬಿಡಬೇಕಿಲ್ಲ. ಗಿರಾಕಿ ಏಕೆ ಹಿಂಜರಿದಳು, ಯಾವಾಗ ಮುಂದೆ ಬರುತ್ತಾಳೆ ಎಂಬುದನ್ನು ಕಳೆದ ಎಂಬತ್ತು ವರ್ಷಗಳಲ್ಲಿ ಹಲವರು ಅಳೆದು ನೋಡಿದ್ದಾರೆ.

ಮೊದಲು ಬಣ್ಣ. ಬಟ್ಟೆಯ ಬಣ್ಣ ಬಟ್ಟೆಯೊಂದರಲ್ಲೇ ಇರುವುದಿಲ್ಲ. ದೀಪ ಯಾವ ಅಲೆಯುದ್ದದ ಬೆಳಕು ಚೆಲ್ಲುತ್ತದೆ, ಅದರಲ್ಲಿ ಯಾವುದನ್ನು ನೂಲಿನ ಬಣ್ಣ ಮರಳಿಸುತ್ತದೆ ಎಂಬ ಎರಡೂ ಸೇರಿ ಕಣ್ಣಿಗೆ ಬರುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿರುವುದು ಮೂರೇ ಬಗೆ. ಹಾಗಾಗಿ ಬೇರೆ ಬೇರೆ ಬೆಳಕಿನ ಮಿಶ್ರಣಗಳು ಮಿದುಳಿಗೆ ಒಂದೇ ಬಣ್ಣವಾಗಿ ತೋರಬಹುದು. ಟ್ಯೂಬ್‌ಲೈಟಿನಡಿ ಸೀರೆಗೆ ಸರಿಹೊಂದಿದ ರವಿಕೆ ಕಣ ಬಿಸಿಲಲ್ಲಿ ಬೇರೆಯಾಗಿ ಕಾಣುವುದು ಇದರಿಂದಲೇ. ಇದಕ್ಕೆ ಮೆಟಾಮೆರಿಸಮ್ ಎಂದು ಹೆಸರು. ಮೊಬೈಲ್ ಪರದೆಯದು ಇನ್ನೂ ಬಡತನ. ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ಬೆರೆಸಿ ಅದು ತೋರಬಲ್ಲ ಬಣ್ಣಗಳು, ಬಹುಪಾಲು ಚಿತ್ರಗಳು ಪಾಲಿಸುವ ಎಸ್‌ಆರ್‌ಜಿಬಿ ಅಳತೆಯಂತೆ, ಕಣ್ಣು ಕಾಣಬಲ್ಲ ಬಣ್ಣಗಳ ನಕ್ಷೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಇಳಕಲ್ಲಿನ ದಾಳಿಂಬೆ ಕೆಂಪು ಫೋಟೋದಲ್ಲಿ ಇಟ್ಟಿಗೆ ಕೆಂಪಾದರೆ ಅದು ಮಾರುವವಳ ಮೋಸವಲ್ಲ. ಕೊಳ್ಳುವವಳಿಗೆ ಮಾತ್ರ ಅದು ಮೋಸದಂತೆಯೇ ಕಾಣುತ್ತದೆ.

ಇನ್ನು ಮುಟ್ಟುವುದು. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅತಿ ಸಣ್ಣ ಸುಕ್ಕುಗಳಿರುವ ಮೇಲ್ಮೈಗಳನ್ನು ತಯಾರಿಸಿ ಜನರ ಬೆರಳಿಗೆ ಕೊಟ್ಟರು. ಕೇವಲ 13 ನ್ಯಾನೋಮೀಟರಿನ ಸುಕ್ಕನ್ನೂ ಬೆರಳು ನುಣುಪು ಮೇಲ್ಮೈಯಿಂದ ಬೇರ್ಪಡಿಸಿತು. ನಮ್ಮ ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಇಷ್ಟು ಚುರುಕಾದ ಉಪಕರಣವನ್ನು ಮನೆಯಲ್ಲೇ ಬಿಟ್ಟು ಬಾ ಎಂದು ನಾವು ಗಿರಾಕಿಯನ್ನು ಕೇಳುತ್ತಿದ್ದೇವೆ.

ಕಣ್ಣು, ಬೆರಳು ಎರಡೂ ಕೆಲಸ ಬಿಟ್ಟಾಗ ಅನುಮಾನ ಒಳಬರುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ, ಕೊಳ್ಳುವವನು ಎಲ್ಲದಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನಿಗೆ ಗಿಟ್ಟುವುದಿಲ್ಲ, ಅವನು ಹೊರಗೆ ಹೋಗುತ್ತಾನೆ. ಉಳಿಯುವುದು ಕಳಪೆ. ಕೈಮಗ್ಗದ ಸೀರೆಯೂ ಪವರ್‌ಲೂಮಿನ ನಕಲೂ ಫೋಟೋದಲ್ಲಿ ಒಂದೇ ಥರ ಕಾಣುವ ಕಡೆ ನಮ್ಮ ನೇಕಾರರಿಗೆ ಆಗುತ್ತಿರುವುದು ಇದೇ. ದಿನಗಟ್ಟಲೆ ಕೂತು ನೇಯ್ದದ್ದಕ್ಕೆ ಗಂಟೆಗಳಲ್ಲಿ ಯಂತ್ರ ನೇಯ್ದದ್ದರ ಬೆಲೆ ಕೇಳುತ್ತಾರೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಬಿಡುಗಡೆಯ ದಾರಿ ತೋರಿದವರು ಮೈಕೆಲ್ ಸ್ಪೆನ್ಸ್. ಅವರು, ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ 2001ರ ಅರ್ಥಶಾಸ್ತ್ರ ನೊಬೆಲ್ ಹಂಚಿಕೊಂಡರು. ಸ್ಪೆನ್ಸ್ ಹೇಳಿದ್ದು ಸರಳ: ಸುಳ್ಳುಗಾರನಿಗೆ ದುಬಾರಿಯಾಗುವ ಮಾತಿಗಷ್ಟೇ ಬೆಲೆ. ‘ನಮ್ಮದು ಅಸಲಿ’ ಎಂದು ಯಾರು ಬೇಕಾದರೂ ಬರೆಯಬಹುದು, ಅದಕ್ಕೆ ಖರ್ಚಿಲ್ಲ. ‘ಮೆಚ್ಚದಿದ್ದರೆ ವಾಪಸ್ ಕಳಿಸಿ, ಕಳಿಸುವ ಖರ್ಚೂ ನಮ್ಮದು’ ಎನ್ನುವುದು ಹಾಗಲ್ಲ. ಕಳಪೆ ಮಾರುವವನು ಹಾಗೆಂದರೆ ವಾಪಸಾತಿಯಲ್ಲೇ ಮುಳುಗುತ್ತಾನೆ, ಒಳ್ಳೆಯದನ್ನು ಮಾರುವವಳಿಗೆ ಅದು ತಾಳಿಕೊಳ್ಳಬಲ್ಲ ಖರ್ಚು. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಮುದ್ರೆಯ ಬಲವೂ ಇದೇ ಬಗೆಯದು. ಅಮ್ಮಂದಿರು ತಿರುವಿ ನೋಡುವ ಹಿಂಬದಿಯನ್ನೂ ಒಡಲಿಗೆ ಸೆರಗು ಕೂಡುವ ಕುಣಿಕೆಗಳ ಸಾಲನ್ನೂ ಫೋಟೋದಲ್ಲಿ ತೋರಿಸುವುದು, ಅದೇ ಹಾಸಿನಿಂದ ಕತ್ತರಿಸಿದ ಅಂಗೈಯಗಲದ ತುಂಡನ್ನು ಅಂಚೆಯಲ್ಲಿ ಕಳಿಸುವುದು ಇವೆಲ್ಲ ನಕಲು ಮಾಡುವವನಿಗೆ ಕಷ್ಟದ ಮಾತುಗಳು.

ನಾಲ್ಕನೆಯದು, ಜೊತೆಗೆ ಬಂದವಳನ್ನು ಕೇಳುವುದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ಹೊಸ ಅಂಗಡಿಗಳು ಹೆಚ್ಚಾಗಿ ತಪ್ಪುವುದೂ ಇಲ್ಲೇ.

ಸಮಾಜಶಾಸ್ತ್ರಜ್ಞ ಆರ್ನೌಟ್ ವಾನ್ ಡ ರೈಟ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಇನ್ನೂ ಒಂದು ಪೈಸೆಯೂ ಬಾರದ 200 ಯೋಜನೆಗಳನ್ನು ಅವರು ಆರಿಸಿದರು. ಚೀಟಿ ಎತ್ತಿದಂತೆ ಅರ್ಧಕ್ಕೆ ತಾವೇ ಸ್ವಲ್ಪ ಹಣ ಹಾಕಿದರು, ಉಳಿದರ್ಧವನ್ನು ಹಾಗೇ ಬಿಟ್ಟರು. ಬಿಟ್ಟವುಗಳಲ್ಲಿ ಶೇಕಡ 39ಕ್ಕೆ ಮುಂದೆ ಬೇರೆಯವರಿಂದ ಹಣ ಬಂತು. ಮೊದಲ ಕಾಣಿಕೆ ಸಿಕ್ಕವುಗಳಲ್ಲಿ ಶೇಕಡ 70ಕ್ಕೆ. ಮೊದಲ ಕಾಣಿಕೆಯನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಲಾಭ ಅದೇ ಲೆಕ್ಕದಲ್ಲಿ ಏರಲಿಲ್ಲ. ಸೊನ್ನೆಗೂ ಒಂದಕ್ಕೂ ನಡುವಿನ ಅಂತರ, ಒಂದಕ್ಕೂ ಹತ್ತಕ್ಕೂ ನಡುವಿನದಕ್ಕಿಂತ ದೊಡ್ಡದು. ಹಾಗೆಂದು ಸುಳ್ಳು ಹೆಸರಿನಲ್ಲಿ ಮೆಚ್ಚುಗೆ ಬರೆಸಿಕೊಳ್ಳುವುದು ಗಿರಾಕಿಗೆ ಬಗೆವ ದ್ರೋಹ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಒಂದು ಮಾನದಂಡವನ್ನೇ ತಂದಿದೆ.

ಹಾಗಾದರೆ ಆ ಮೊದಲಿಗರನ್ನು ಎಲ್ಲಿ ಹುಡುಕಬೇಕು? ಮಾರುಕಟ್ಟೆ ವಿದ್ವಾಂಸ ಫ್ರಾಂಕ್ ಬಾಸ್ 1969ರಲ್ಲಿ ಬರೆದ ಸಮೀಕರಣ ಇಲ್ಲಿ ನೆರವಿಗೆ ಬರುತ್ತದೆ. ಹೊಸ ವಸ್ತುವನ್ನು ಕೊಳ್ಳಲು ಜನರನ್ನು ತಳ್ಳುವ ಬಲಗಳು ಎರಡು. ಒಂದು ಹೊರಗಿನದು, ಜಾಹೀರಾತಿನಂಥದು. ಇನ್ನೊಂದು ಈಗಾಗಲೇ ಕೊಂಡವರನ್ನು ನೋಡಿ ಕೊಳ್ಳುವುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಮೊದಲನೆಯದರ ಸರಾಸರಿ 0.03, ಎರಡನೆಯದು 0.38 ಎಂದು ಕಂಡುಬಂತು. ಅವುಗಳಲ್ಲಿ ಬಹಳಷ್ಟು ಮನೆಬಳಕೆಯ ಬಾಳಿಕೆ ವಸ್ತುಗಳು. ಸೀರೆಗೆ ಅಂಕಿ ಬೇರೆಯಾದೀತು, ಲೆಕ್ಕದ ರೀತಿ ಅದೇ. ಎರಡನೆಯ ಬಲ ಎಷ್ಟೋ ದೊಡ್ಡದು, ಆದರೆ ಅದನ್ನು ‘ಈಗಾಗಲೇ ಕೊಂಡವರ ಪಾಲಿ’ನಿಂದ ಗುಣಿಸಬೇಕು. ಇಡೀ ಬೆಂಗಳೂರಿನಲ್ಲಿ ಹತ್ತು ಜನ ಕೊಂಡರೆ ಆ ಪಾಲು ಹೆಚ್ಚುಕಡಿಮೆ ಸೊನ್ನೆಯೇ, ಗುಣಿಸಿ ಬರುವುದೂ ಸೊನ್ನೆ. ನಲವತ್ತು ಮನೆಗಳ ಒಂದು ಕೇರಿಯಲ್ಲಿ ಹತ್ತು ಮನೆಯವರು ಕೊಂಡರೆ ಪಾಲು ಕಾಲುಭಾಗ. 0.38ರ ಕಾಲುಭಾಗ 0.095, ಅಂದರೆ ಜಾಹೀರಾತಿನ ಬಲಕ್ಕಿಂತ ಮೂರು ಪಟ್ಟು. ಗಿರಾಕಿಗಳ ಸಂಖ್ಯೆ ಎರಡೂ ಕಡೆ ಹತ್ತೇ.

ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ 2010ರಲ್ಲಿ ಇದನ್ನೇ ಬೇರೆ ದಾರಿಯಿಂದ ತೋರಿಸಿದರು. 1,528 ಜನರನ್ನು ಎರಡು ಬಗೆಯ ಜಾಲಗಳಲ್ಲಿ ಜೋಡಿಸಿದರು. ಒಂದರಲ್ಲಿ ಪರಿಚಯಗಳು ಒತ್ತಾಗಿ, ನನ್ನ ಗೆಳತಿಯೇ ನಿನ್ನ ಗೆಳತಿ ಎಂಬಂತೆ. ಇನ್ನೊಂದರಲ್ಲಿ ದೂರದೂರಕ್ಕೆ ಚದುರಿದಂತೆ. ಆರೋಗ್ಯ ಸಂಬಂಧಿ ತಾಣವೊಂದಕ್ಕೆ ಸೇರುವಂತೆ ಸಂದೇಶ ಹರಿಯಬಿಟ್ಟಾಗ ಒತ್ತಾದ ಜಾಲದಲ್ಲಿ ಸುಮಾರು ಶೇಕಡ 54, ಚದುರಿದ ಜಾಲದಲ್ಲಿ ಶೇಕಡ 38 ಜನ ಸೇರಿದರು. ಸುದ್ದಿ ಹರಡಲು ಒಬ್ಬರ ಬಾಯಿ ಸಾಕು. ಅಳುಕು ಕಳೆಯಲು ಅದೇ ಮಾತು ಎರಡು ಮೂರು ಪರಿಚಿತ ಬಾಯಿಗಳಿಂದ ಬರಬೇಕು. ಹಿಂದೆ ಗಂಟು ಹೊತ್ತು ಬರುತ್ತಿದ್ದ ಸೀರೆ ವ್ಯಾಪಾರಿ ಬೀದಿಯಲ್ಲಿ ಕೂಗಿದರೂ ಗಂಟು ಬಿಚ್ಚುತ್ತಿದ್ದುದು ವಠಾರದ ಒಂದೇ ಜಗಲಿಯಲ್ಲಿ, ನಾಲ್ಕು ಜನ ಸೇರಿದ ಮೇಲೆ.

ಇದಕ್ಕೆ ಬೆನ್ನು ತಿರುಗಿಸಿದವರ ಕಥೆಯೂ ಇದೆ. ಲಂಡನ್ನಿನ ಬೂ ಡಾಟ್ ಕಾಮ್ ಎಂಬ ಬಟ್ಟೆ ಅಂಗಡಿ 1999ರ ನವೆಂಬರಿನಲ್ಲಿ ಒಂದೇ ಏಟಿಗೆ 18 ದೇಶಗಳಲ್ಲಿ ಬಾಗಿಲು ತೆರೆಯಿತು. ತಿರುಗಿಸಿ ನೋಡಬಹುದಾದ ಚಿತ್ರಗಳ ಭಾರಕ್ಕೆ ಆಗಿನ ಮೋಡೆಮ್‌ಗಳು ಏದುಸಿರುಬಿಟ್ಟವು. ಸುಮಾರು 13.5 ಕೋಟಿ ಡಾಲರ್ ಕರಗಿಸಿ 2000ದ ಮೇ ತಿಂಗಳಲ್ಲಿ ಮುಚ್ಚಿತು. ನಮ್ಮ ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಮೀಶೋ ಬೇರೆ ದಾರಿ ಹಿಡಿಯಿತು. ಮನೆಯಲ್ಲಿದ್ದ ಹೆಣ್ಣುಮಕ್ಕಳು ತಮ್ಮ ವಾಟ್ಸ್ಆ್ಯಪ್ ಬಳಗಕ್ಕೆ ಬಟ್ಟೆ ತೋರಿಸಿ ಮಾರಿದರು. ಕೊಂಡವರು ನಂಬಿದ್ದು ಆ್ಯಪನ್ನಲ್ಲ, ಓರಗಿತ್ತಿಯನ್ನು, ಪಕ್ಕದ ಮನೆಯಾಕೆಯನ್ನು.

ತಾಳ್ಮೆಯ ಲೆಕ್ಕವೂ ಗೊತ್ತಿರಬೇಕು. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹರಡಿತೆಂದು ಸಮಾಜಶಾಸ್ತ್ರಜ್ಞರಾದ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 259 ರೈತರನ್ನು ಕೇಳಿ 1943ರಲ್ಲಿ ಬರೆದರು. 1928ರಿಂದ 1941ರೊಳಗೆ ಇಬ್ಬರನ್ನು ಬಿಟ್ಟು ಎಲ್ಲರೂ ಆ ಬೀಜಕ್ಕೆ ಬಂದಿದ್ದರು. ಆದರೆ ಮೊದಲ ಐದು ವರ್ಷಗಳಲ್ಲಿ ಬಂದವರು ಹತ್ತರಲ್ಲಿ ಒಬ್ಬರಷ್ಟೇ. ಮುಂದಿನ ಮೂರೇ ವರ್ಷಗಳಲ್ಲಿ ಆ ಪಾಲು ಹತ್ತರಲ್ಲಿ ನಾಲ್ಕಕ್ಕೆ ಏರಿತು. ಬೀಜದ ಸುದ್ದಿ ಹೆಚ್ಚಿನವರಿಗೆ ತಲುಪಿದ್ದು ಮಾರಾಟಗಾರರಿಂದ, ಕೊಳ್ಳಲು ಒಪ್ಪಿಸಿದ್ದು ನೆರೆಹೊಲದವರು. ಬಂದವರೂ ಇಡೀ ಹೊಲಕ್ಕೆ ಹಾಕಲಿಲ್ಲ, ಮೊದಲು ಒಂದು ಮೂಲೆಯಲ್ಲಿ ಬಿತ್ತಿ ನೋಡಿದರು.

ಇಳಕಲ್ಲಿನ ನಮ್ಮ ಹುಡುಗಿಯೂ ಮೂಲೆಯ ಬಿತ್ತನೆಗೆ ಅವಕಾಶ ಕೊಡಬೇಕು. ಆರು ಸಾವಿರದ ಸೀರೆಯ ಮುಂಚೆ ಒಂದು ರವಿಕೆ ಕಣ ಮಾರಿದರೂ ಸರಿ. ದುಡ್ಡನ್ನು ಹತ್ತು ನಗರಗಳ ಜಾಹೀರಾತಿಗೆ ಚೆಲ್ಲದೆ, ಪರಿಚಯವಿರುವ ಒಂದು ಶಾಲೆಯ ಶಿಕ್ಷಕಿಯರ ಕೋಣೆಗೋ ಒಂದು ಭಜನಾ ಮಂಡಳಿಗೋ ಎರಡು ಸೀರೆ ಕಳಿಸಲಿ. ಅವರು ಕಿಟಕಿಯ ಬೆಳಕಿನಲ್ಲಿ ಹಿಡಿದು, ಹೊಸಕಿ, ಹಿಂಬದಿ ತಿರುವಿ, ಒಬ್ಬರನ್ನೊಬ್ಬರು ಕೇಳಲಿ. ಆಮೇಲೆ ಅವಳು ನೋಡಬೇಕಾದದ್ದು ಎಷ್ಟು ಜನ ತಾಣಕ್ಕೆ ಬಂದು ಹೋದರು ಎಂಬ ಅಂಕಿಯನ್ನಲ್ಲ. ಹನ್ನೊಂದನೆಯ ಆರ್ಡರಿನ ವಿಳಾಸವನ್ನು. ಅದರ ಪಿನ್‌ಕೋಡ್ ಮೊದಲ ಹತ್ತರಲ್ಲಿ ಒಂದಕ್ಕೆ ಹೊಂದಿದರೆ, ಆ ಕೇರಿಯಲ್ಲಿ ಅವಳ ಸೀರೆಯ ಮಾತು ನಡೆದಿದೆ.