ಕೋವಿಯ ನಳಿಗೆಗೆ ಮರದ ತೊಟ್ಟಿಲು

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ನೆಲೆಸಿದ ಜರ್ಮನ್ ಕುಶಲಕರ್ಮಿಗಳು ಒಂದು ಬಗೆಯ ನೀಳವಾದ ರೈಫಲನ್ನು ರೂಪಿಸಿದರು. ಮದ್ದನ್ನೂ ಗುಂಡನ್ನೂ ಬಾಯಿಯಿಂದಲೇ ತುಂಬಿ ಗಜದಿಂದ ಜಡಿಯುವ ಕೋವಿಯಿದು. ನಮ್ಮ ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಅದರ ಎಂಟು ಮುಖದ ಕಬ್ಬಿಣದ ನಳಿಗೆ ಸಾಮಾನ್ಯವಾಗಿ 42ರಿಂದ 46 ಅಂಗುಲ ಉದ್ದ. ಅದನ್ನು ಬಾಯಿಯವರೆಗೂ ತಬ್ಬಿರುವ ಮೇಪಲ್ ಮರದ ಗೋಡೆಯಾದರೋ ತುದಿಯ ಬಳಿ ಸುಮಾರು 1/8 ಅಂಗುಲ ಮಾತ್ರ. ಇವೆರಡನ್ನೂ ಬಂಧಿಸುವ ಬಗೆ ಹೇಗೆ?

ನಳಿಗೆಯ ತಳದಲ್ಲಿ ಮೂರು ನಾಲ್ಕು ಕಡೆ ಕಚ್ಚು ಕೊರೆದು ಕಬ್ಬಿಣದ ಸಣ್ಣ ನಾಲಿಗೆಗಳನ್ನು ಕೂರಿಸುತ್ತಾರೆ. ಮರದ ಒಂದು ಪಕ್ಕದಿಂದ ಹೊಡೆದ ತೆಳುವಾದ ಕಡಾಣಿ ನಾಲಿಗೆಯ ರಂಧ್ರದಲ್ಲಿ ಹಾಯ್ದು ಇನ್ನೊಂದು ಪಕ್ಕವನ್ನು ಸೇರುತ್ತದೆ. ಕೇಳಲು ಇದು ಸುಲಭ. ಆದರೆ ನಳಿಗೆಗೂ ಕೆಳಗಿನ ಗಜದ ಬಿಲಕ್ಕೂ ನಡುವೆ ಉಳಿಯುವ ಮರವೂ ಸುಮಾರು 1/8 ಅಂಗುಲವೇ. ಕಡಾಣಿ ತುಸು ಕೆಳಗಿಳಿದರೆ ಗಜಕ್ಕೆ ಅಡ್ಡವಾಗುತ್ತದೆ. ಗಜವನ್ನು ಹಿಡಿಯುವ ಲೋಹದ ಕೊಳವೆಗಳಿಗೂ ಬೇರೆ ಕಡಾಣಿಗಳುಂಟು. ಎರಡೂ ಒಂದೇ ಎಡೆಯಲ್ಲಿ ಬಿದ್ದರೆ ಪರಸ್ಪರ ತಾಗುತ್ತವೆ, ಮರವೂ ಸೋಲುತ್ತದೆ.

ಆದುದರಿಂದ ಉಳಿ ಹಿಡಿಯುವ ಮೊದಲೇ ಎಲ್ಲವನ್ನೂ ಗೆರೆ ಎಳೆದು ಗುರುತಿಸಬೇಕು. ಅಳತೆಯ ಆರಂಭ ನಳಿಗೆಯ ಹಿಂಬದಿಯಿಂದ. ಅಲ್ಲಿ ಒಂದು ತಿರುಪಿನ ಬಿರಡೆ ನಳಿಗೆಯನ್ನು ಮುಚ್ಚಿರುತ್ತದೆ. ಕಿಡಿ ಒಳಹೋಗುವ ರಂಧ್ರ ಈ ಬಿರಡೆಯ ಮುಖಕ್ಕೆ ಸ್ವಲ್ಪ ಮುಂದೆಯೇ ತೆರೆಯಬೇಕು. ಹಿಂದೆ ಬಿದ್ದರೆ ಬಿರಡೆಯೇ ದಾರಿ ಕಟ್ಟುತ್ತದೆ. ಮದ್ದಿಗೆ ಕಿಡಿ ಮುಟ್ಟುವುದಿಲ್ಲ. ರಂಧ್ರದ ಸ್ಥಾನ ನಿಶ್ಚಯವಾದ ಮೇಲೆ ಅದಕ್ಕೆ ಎದುರಾಗಿ ಚಕಮಕಿ ಯಂತ್ರ, ಅನಂತರ ಕೊಳವೆಗಳು, ಅವುಗಳ ನಡುವಣ ತೆರವಿನಲ್ಲಿ ನಾಲಿಗೆಗಳು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮರ ಮಳೆಗಾಲದಲ್ಲಿ ತೇವವನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಅತ್ಯಲ್ಪವೆಂಬುದು ದಿಟ. ಆದರೆ ಈ ಕೋವಿಗೆ ಮೆಚ್ಚಿ ಆರಿಸುವ ಮೇಪಲ್ಲಿನ ಎಳೆಗಳು ಅಲೆಅಲೆಯಾಗಿ ಬಾಗಿರುತ್ತವೆ. ಕಣ್ಣಿಗೆ ಚೆಲುವಾದ ಆ ಅಲೆಯೇ ಉದ್ದದ ಚಲನೆಯನ್ನು ಹೆಚ್ಚಿಸುತ್ತದೆ. ಕಬ್ಬಿಣಕ್ಕೋ ತೇವದ ಹಂಗಿಲ್ಲ. ರಂಧ್ರಗಳೆಲ್ಲ ದುಂಡಗಿದ್ದು ಕಡಾಣಿಗಳು ಬಿಗಿಯಾಗಿದ್ದರೆ, ಸರಿಯಲು ಎಡೆಯಿಲ್ಲದ ಮರ ಬಾಗಿ ನಳಿಗೆಯನ್ನು ಒತ್ತೀತು, ಗುಂಡು ಗುರಿ ತಪ್ಪೀತು. ಇಲ್ಲವೆ ತೆಳುಗೋಡೆಯೇ ಸೀಳೀತು.

ಬಲ್ಲ ಕೆಲಸಗಾರನು ನಾಲಿಗೆಯ ರಂಧ್ರವನ್ನು ಸಣ್ಣ ಅರದಿಂದ ಉಜ್ಜಿ ಹಿಂದುಮುಂದಕ್ಕೆ ನೀಳಗೊಳಿಸುತ್ತಾನೆ. ಆಗ ಕಡಾಣಿ ಮೇಲೆಕೆಳಗೆ ಅಲುಗದು. ಉದ್ದಕ್ಕೆ ಮಾತ್ರ ಸರಿದೀತು. ಹಿಂಬದಿಯಲ್ಲಿ ಬಿರಡೆಯ ಬಾಲವನ್ನು ತಿರುಪುಮೊಳೆ ಮರಕ್ಕೆ ಭದ್ರಪಡಿಸಿರುತ್ತದೆ. ರೈಲುಸೇತುವೆಯ ಉಕ್ಕಿನ ತೊಲೆಯನ್ನು ನಾವು ನೆನೆಯಬಹುದು. ಬಿಸಿಲಿಗೆ ಹಿಗ್ಗುವ ಅದರ ಒಂದು ಕೊನೆಯನ್ನು ಕಂಬದ ಮೇಲೆ ನಿಲ್ಲಿಸಿ, ಇನ್ನೊಂದನ್ನು ಉರುಳೆಗಳ ಮೇಲೆ ಇರಿಸುವುದುಂಟು. ಅಲ್ಲಿ ಇಂಜಿನಿಯರು ಉರುಳೆಯಿಂದ ಸಾಧಿಸಿದ್ದನ್ನು ಇಲ್ಲಿ ಕಮ್ಮಟದ ಕುಶಲಿ ಅರದ ನಾಲ್ಕು ಎಳೆತಗಳಿಂದ ಸಾಧಿಸುತ್ತಾನೆ.